ಬೈಪಾಸಿಗೆ ಹೋದ ನಾಯಿ

ಊರ ಹೊರಗೆ ಬೈಪಾಸ್ ತೆರೆದ ಮೇಲೆ ಹಳೇ ರಸ್ತೆಯ ಹೋಟೆಲಿನ ಮುಂದೆ ಲಾರಿಗಳು ನಿಲ್ಲುವುದು ತಪ್ಪಿತು. ಡ್ರೈವರುಗಳು ಹಾಕುತ್ತಿದ್ದ ಚಪಾತಿ ತಿಂದು ಬದುಕಿದ್ದ ನಾಯಿ ಹಸಿದು ಮಲಗಿತ್ತು. ಕಾಗೆಯೊಂದು ಬಂದು ಹೇಳಿತು:

"ಇಲ್ಲೇಕೆ ಕೊರಗುತ್ತೀಯೆ, ಅಣ್ಣ? ನಿನ್ನ ಲಾರಿಗಳೆಲ್ಲ ಹೊಸ ರಸ್ತೆಯಲ್ಲಿವೆ."

"ಅಲ್ಲಿ ಊಟ ಸಿಗುವುದೇ?"

"ನಾನು ದಿನವೂ ಅಲ್ಲೇ ಉಣ್ಣುತ್ತೇನೆ."

ನಾಯಿ ಕಾಲೆಳೆಯುತ್ತ ಬೈಪಾಸ್ ತಲುಪಿತು. ದೂರದಲ್ಲಿ ಪರಿಚಯದ ಲಾರಿಯೊಂದು ಕಂಡಿತು. "ನನ್ನನ್ನು ನೋಡಿದರೆ ನಮ್ಮ ಡ್ರೈವರ್ ನಿಲ್ಲಿಸದೆ ಇರುವುದಿಲ್ಲ" ಎಂದು ಅದು ರಸ್ತೆಯ ನಡುವೆ ನಿಂತು ಬಾಲ ಅಲ್ಲಾಡಿಸಿತು. ಡ್ರೈವರ್ ಗುರುತು ಹಿಡಿದು ಬ್ರೇಕ್ ಒತ್ತಿದ. ಆದರೆ ಬರುತ್ತಿದ್ದ ವೇಗಕ್ಕೆ ಲಾರಿ ನಿಲ್ಲಲಿಲ್ಲ.

ಕಾಗೆ ದೀಪದ ಕಂಬದಿಂದ ಇಳಿದು ತನ್ನ ಬಳಗವನ್ನು ಕೂಗಿ ಕರೆಯಿತು.