ಕೇಳದ ಗಿಡಕ್ಕೆ ಎರೆದ ನೀರು

ಡೋಣಿ ಸೀಮೆಯ ಎರೆಹೊಲಗಳ ನಡುವೆ, ಊರ ಹೊರಗಿನ ತಗಡಿನ ಗುಡಿಸಲಿನಲ್ಲಿ ಪೂಜ್ಯ ಮುರಿಗೆವ್ವ ತಾಯಿಯವರು ವಾಸವಾಗಿದ್ದರು. ಅವರಿಗೆ ಪೀಠವಿರಲಿಲ್ಲ, ಪಲ್ಲಕ್ಕಿಯಿರಲಿಲ್ಲ. ಗುಡಿಸಲ ಹಿಂದೆ ಒಂದಿಷ್ಟು ಹಿತ್ತಲಿತ್ತು. ಅಂಜೂರ, ದಾಳಿಂಬೆ, ಎರಡು ಸಾಲು ಮಲ್ಲಿಗೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು ನೀರೆರೆದು ಬುಡಕ್ಕೆ ಹೊಟ್ಟು ಮುಚ್ಚುವುದು, ಮಳೆಗಾಲದಲ್ಲಿ ಮಡಿ ಒಡೆದು ನಿಂತ ನೀರನ್ನು ಹೊರಗೆ ಬಿಡುವುದು, ಚಳಿ ಬಿದ್ದೊಡನೆ ಮಲ್ಲಿಗೆಯನ್ನು ಕತ್ತರಿಸುವುದು, ಇದೇ ಅವರ ಪೂಜೆಯಾಗಿತ್ತು. ಸಮಾಧಾನ ಹೇಳುವ ಸಂತರು ನಮ್ಮಲ್ಲಿ ಊರಿಗೊಬ್ಬರಿದ್ದಾರೆ. ತಾಯಿಯವರ ಬಾಯಲ್ಲಿ ಸಿಹಿ ಮಾತು ಅಪರೂಪ, ಹಾಗಾಗಿ ಅವರ ಬಾಗಿಲಲ್ಲಿ ಜನವೂ ಕಡಿಮೆ.

ಮಾರ್ಗಶಿರದ ಒಂದು ಮುಂಜಾನೆ ಈರಸಂಗಪ್ಪ ಮಾಸ್ತರ ಅಲ್ಲಿಗೆ ಬಂದ. ಭಸ್ಮ, ಮಂತ್ರ ಎಂದರೆ ಮೂಗು ಮುರಿಯುವ ಮನುಷ್ಯ. ಮನೆಯಲ್ಲೇ ಇದ್ದ ಅತ್ತೆ ನಿಂಬೆವ್ವ ಬೆನ್ನು ಬಿಡದೆ ಕಳಿಸಿದ್ದರಿಂದ ಬಂದಿದ್ದ. ಹೆಂಡತಿ ಕಸ್ತೂರಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ನೆಟ್ಟ ದಾಳಿಂಬೆ ಮನೆಯ ಹಿತ್ತಲಲ್ಲಿ ಸೊಂಪಾಗಿ ಎಲೆ ಬಿಟ್ಟಿತ್ತು, ಆದರೆ ಅವಳು ಹೋದ ಮೇಲೆ ಒಂದು ಹೂವನ್ನೂ ಕಾಣಲಿಲ್ಲ. ಮಗಳ ಮನಸ್ಸಿನಲ್ಲಿ ಏನೋ ಉಳಿದಿದೆ, ತಾಯಿಯವರ ಕೈಯಿಂದ ಭಸ್ಮ ತಂದು ಬುಡಕ್ಕೆ ಹಾಕಿ ಎಂದು ನಿಂಬೆವ್ವ ಅಳುತ್ತಿದ್ದಳು.

ತಾಯಿಯವರು ಹಿತ್ತಲ ಆ ತುದಿಯಲ್ಲಿ ಮಲ್ಲಿಗೆ ಬಳ್ಳಿಗೆ ಬಾಗಿದ್ದರು. ಮಾಸ್ತರನ ಕಣ್ಣಿಗೆ ಮೊದಲು ಬಿದ್ದದ್ದು ಅವರ ದಾಳಿಂಬೆ. ಎಲೆಯೆಲ್ಲ ಉದುರಿ, ಬುಡದ ನೆಲ ಬಿರುಕು ಬಿಟ್ಟಿತ್ತು. ಮಗ್ಗುಲಲ್ಲೇ ತೊಟ್ಟಿ ತುಂಬ ನೀರು. ಯಾರನ್ನೂ ಕೇಳಲಿಲ್ಲ, ಕೊಡ ಅದ್ದಿ ಸುರಿದ, ಮತ್ತೆ ಅದ್ದಿ ಸುರಿದ.

ಶಿಷ್ಯೆ ಗೌರವ್ವ ಓಡಿ ಬಂದು ಕೊಡ ಕಸಿದುಕೊಂಡಳು. ಚಳಿಗಾಲದಲ್ಲಿ ಈ ಗಿಡಕ್ಕೆ ನೀರು ನಿಲ್ಲಿಸುವುದು ವಾಡಿಕೆ, ಅದು ಎಲೆ ಉದುರಿಸಿ ಮಲಗುತ್ತದೆ, ಸಂಕ್ರಾಂತಿ ದಾಟಿದ ಮೇಲೆ ಬುಡ ಬಿಡಿಸಿ, ಗೊಬ್ಬರ ಹಾಕಿ, ನೀರು ಕೊಟ್ಟರೆ ಮೈತುಂಬ ಹೂವಾಗುತ್ತದೆ, ನಡುವೆ ಎಬ್ಬಿಸಿದರೆ ಬರೀ ಎಲೆ ಎಂದು ಬೈದಳು. ಈ ವರ್ಷದ ಹಣ್ಣಿಗೆ ಎಳ್ಳುನೀರು ಬಿಟ್ಟ ಹಾಗೆಯೇ. ತನ್ನ ಮನೆಯ ಗಿಡವನ್ನು ಮಾಸ್ತರ ಎರಡು ವರ್ಷದಿಂದ ಒಂದು ದಿನವೂ ಮಲಗಗೊಟ್ಟಿರಲಿಲ್ಲ.

ಅಷ್ಟರಲ್ಲಿ ತಾಯಿಯವರು ಬಂದರು. ಒದ್ದೆ ನೆಲವನ್ನು ನೋಡಿದರು, ಅವನ ಮುಖವನ್ನು ನೋಡಿದರು.

"ನೀರು ಯಾರು ಕೇಳಿದ್ರು, ತಮ್ಮಾ?"

ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾಸ್ತರ ಆ ಕೆಸರಿನಲ್ಲೇ ಕುಳಿತು ಎಲ್ಲವನ್ನೂ ಹೇಳಿಬಿಟ್ಟ. ಕಸ್ತೂರಿಗೆ ಹೊಟ್ಟೆಯ ಆಪರೇಷನ್ ಆದ ರಾತ್ರಿ ಹನಿ ನೀರೂ ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಅವಳು ನೀರು, ನೀರು ಎಂದು ಅವನ ಕೈ ಹಿಡಿದು ಬೇಡಿದಳು. ಹೇಳಿದ ಮಾತಿನ ಗೆರೆ ದಾಟದ ಮನುಷ್ಯ ಅವನು, ಕೊಡಲಿಲ್ಲ. ಹೊರಗೆ ಕುಳಿತಿದ್ದ ಅತ್ತೆಯದು ಮೆತ್ತನೆ ಕರುಳು, ಕೇಳಿದರೆ ಕೊಟ್ಟುಬಿಟ್ಟಾಳೆಂದು ಕದವನ್ನೂ ಹಾಕಿದ. ಬೆಳಗಾಗುವಷ್ಟರಲ್ಲಿ ಕಸ್ತೂರಿ ಹೋದಳು. ನಿದ್ದೆಯಲ್ಲಿಯೇ ಹೋದಳೆಂದು ಅತ್ತೆಗೆ ಹೇಳಿದ. ಕೊನೆಗೆ ನನ್ನ ಮಗಳು ಏನಂದಳು ಎಂದು ಆ ಮುದುಕಿ ಇಂದಿಗೂ ಕೇಳುತ್ತಾಳೆ, ಇವನು ಕೊಡ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾನೆ.

ಇಷ್ಟು ಕೇಳಿದ ಯಾರಾದರೂ, ನಿನ್ನದೇನೂ ತಪ್ಪಿಲ್ಲಪ್ಪ ಎನ್ನುತ್ತಿದ್ದರು. ತಾಯಿಯವರು ಅನ್ನಲಿಲ್ಲ.

"ಕೇಳಿದಾಕಿಗೆ ಕೊಡಲಿಲ್ಲ. ಕೇಳದ ಗಿಡಕ್ಕ ಸುರದಿ. ಈಗ ಮನ್ಯಾಗ ಇನ್ನೊಬ್ಬಾಕಿ ಕೇಳಾಕತ್ತಾಳ. ಆಕಿಗೇನು ಕೊಡ್ತಿ?"

ಭಸ್ಮ ಕೇಳುವ ಧೈರ್ಯ ಮಾಸ್ತರನಿಗೆ ಉಳಿಯಲಿಲ್ಲ. ಮನೆಗೆ ಹೋದವನೇ ಅತ್ತೆಯ ಮುಂದೆ ನಿಂತು, ಹಾಕಿದ ಕದದ ಸಂಗತಿಯೂ ಸೇರಿ, ಎಲ್ಲವನ್ನೂ ಹೇಳಿದ. ನಿಂಬೆವ್ವ ಅಳಲಿಲ್ಲ. ಒಂದೇ ಮಾತಾಡಿದಳು.

"ನನ್ನ ಕರೀಬೇಕಿತ್ತು. ಹೊರಗನ ಕುಂತಿದ್ದೆ. ನಾ ಕೊಡ್ತಿದ್ದೆ."

ಮರುದಿನ ಆಕೆ ಮಗನ ಊರಿಗೆ ಹೊರಟಳು. ಮಾಸ್ತರ ಗಂಟು ಹೊತ್ತು ಬಸ್ಸಿನವರೆಗೆ ಹೋದ. ಆಕೆ ಬೇಡವೆನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಅವನು ನೇರ ತಾಯಿಯವರ ಹಿತ್ತಲಿಗೆ ಬಂದಾಗ ಅವರು ಸರಿದು, ಪಕ್ಕದಲ್ಲಿ ಕೂರಲು ಜಾಗ ಬಿಟ್ಟರು.

ಆಮೇಲೆ ಆ ಸೀಮೆಯಲ್ಲಿ ಯಾರದಾದರೂ ಉಸಿರು ಕೊನೆಗೆ ಬಂದರೆ ಈರಸಂಗಪ್ಪ ಮಾಸ್ತರನಿಗೆ ಹೇಳಿ ಕಳಿಸುವುದು ರೂಢಿಯಾಯಿತು. ಅವನು ಬಂದು ಮಗ್ಗುಲಲ್ಲಿ ಕೂತು ಬಾಯಿಗೆ ನೀರು ಬಿಡುತ್ತಿದ್ದ. ಹೋಗುವವರು ಆಡಿದ ಮಾತನ್ನು, ಕಹಿಯಿದ್ದರೂ ಸರಿ, ಮನೆಯವರಿಗೆ ಇದ್ದ ಹಾಗೇ ಒಪ್ಪಿಸುತ್ತಿದ್ದ. ಯಾವ ಮನೆಗೂ ಅವನು ಇಲ್ಲವೆನ್ನಲಿಲ್ಲ.

ನಿಂಬೆವ್ವನ ಕೊನೆಗಾಲದಲ್ಲಿ ಮಾತ್ರ ಅವನನ್ನು ಯಾರೂ ಕರೆಯಲಿಲ್ಲ. ಕರೆಯಬೇಡಿರೆಂದು ಆಕೆಯೇ ಹೇಳಿದ್ದಳಂತೆ. ಮಣ್ಣು ಮುಗಿದ ಮೇಲೆ ಸುದ್ದಿ ತಂದವನನ್ನು ಮಾಸ್ತರ ಕೂರಿಸಿ, ಕೊನೆಗೆ ಅವರು ನೀರು ಕುಡಿದರೇ ಎಂದಷ್ಟೇ ಕೇಳಿದ. ಕುಡಿದರು, ಮಗನ ಕೈಯಿಂದ, ಎಂದನು ಬಂದವನು. ಮಾಸ್ತರ ತಾಯಿಯವರ ಗುಡಿಸಲ ದಿಕ್ಕಿಗೆ ತಿರುಗಿ ಕೈ ಮುಗಿದ.