ಬನ್ನಿಗುಡ್ಡದ ಹತ್ತೊಂಬತ್ತು ಒಲೆಗಳು

ಬನ್ನಿಗುಡ್ಡಕ್ಕೆ ಬಂದವರು ಮೊದಲು ಹುಡುಕುವುದು ಬನ್ನಿಮರವನ್ನು. ಸುತ್ತ ಎರಡು ಹರದಾರಿ ತಿರುಗಿದರೂ ಒಂದು ಗಿಡ ಸಿಗುವುದಿಲ್ಲ. ಊರಿನವರೇ ಕಡಿದು ಉರುವಲು ಮಾಡಿಕೊಂಡಿರಬೇಕೆಂದು ಒಬ್ಬ ಮಹಾಶಯರು ಬರೆದೂ ಬಿಟ್ಟಿದ್ದಾರೆ. ಇನ್ನೊಬ್ಬ ಪುಣ್ಯಾತ್ಮರು ಹೆಸರಿನ ಮಾನ ಉಳಿಯಲೆಂದು ಎರಡು ಸಸಿ ನೆಟ್ಟು ಹೋದರು. ಅವು ನಮ್ಮ ಆಡುಗಳಿಗೆ ಒಂದು ಹೊತ್ತಿನ ಮೇವಾದವು. ಇಲ್ಲಿ ಬನ್ನಿಮರ ಎಂದೂ ಇರಲಿಲ್ಲ. ನೆತ್ತಿಯ ಮೇಲೆ ಇರುವುದು ಒಲೆಗಳು. ಮೂರು ಮೂರು ಗುಂಡುಕಲ್ಲು ಹೂಡಿದ ಹತ್ತೊಂಬತ್ತು ಒಲೆಗಳಲ್ಲಿ ಒಂದು ಮಾತ್ರ ಮಸಿ ಹಿಡಿದು ಕಪ್ಪಾಗಿದೆ. ಉಳಿದ ಹದಿನೆಂಟು ಇಂದೇ ಹೊಳೆಯಿಂದ ತಂದಿಟ್ಟ ಕಲ್ಲಿನಂತೆ ಬೆಳ್ಳಗಿವೆ.

ಹಿಂದೆ ಒಮ್ಮೆ, ಇಲ್ಲಿಂದ ಬಡಗಣಕ್ಕೆ ಎಂಟು ದಿನದ ದಾರಿಯಲ್ಲಿ, ಹೊಳೆಯ ದಂಡೆಗೆ ಕಡಕೊಪ್ಪ ಎಂಬ ಊರಿತ್ತು ಎನ್ನುತ್ತಾರೆ. ಹತ್ತೊಂಬತ್ತು ಮನೆಗಳ ಊರು. ವರ್ಷ ವರ್ಷ ಹೊಳೆ ಒಂದಿಷ್ಟು ದಂಡೆಯನ್ನು ಕಚ್ಚಿಕೊಂಡು ಹೋಗುತ್ತಿತ್ತು. ಬೇರೆ ನೆಲ ನೋಡಿ ಊರನ್ನೇ ಎತ್ತಿಕೊಂಡು ಹೋಗುವುದೆಂದು ಹಿರಿಯರು ನಿಶ್ಚಯಿಸಿದರು. ನೋಡಿಬರಲು ನೀಲಗಂಗವ್ವನಿಗಿಂತ ತಕ್ಕವರು ಇರಲಿಲ್ಲ. ಆಕೆ ವಿಧವೆ, ಮಣ್ಣನ್ನು ನಾಲಿಗೆಯ ಮೇಲಿಟ್ಟು ಗುಣ ಹೇಳುವವಳು. ಅದೇ ಊರಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಹಂಪವ್ವನ ತಲೆ ಸವರಿ, "ನಿನ್ನ ಚೊಚ್ಚಲ ಬಾಣಂತನ ಒಣಾ ನೆಲದ ಮ್ಯಾಲ ಮಾಡ್ತೀನಿ, ನೋಡ್ತಿರು" ಎಂದಳಂತೆ. ಊರಗೌಡ ಶಾಂತಗೌಡ ಹೊರಡುವಾಗ ಹೇಳಿದ ಮಾತು ಇಷ್ಟೇ: "ನೆಲಾ ಒಪ್ಪಿದ್ರ ಬರ್ರಿ ಅಂತ ಒಂದ ಮಾತು ಕಳಸು, ನಾವು ಗಾಡಿ ಕಟ್ತೀವಿ. ಅಲ್ಲೀತನಾ ಒಬ್ಬರೂ ಕದಲೂದಿಲ್ಲ."

ನೀಲಗಂಗವ್ವ ಎರಡು ಆಡು, ಒಂದು ಗಂಟು ಬೀಜ ಹಿಡಿದು ಈ ಗುಡ್ಡಕ್ಕೆ ಬಂದಳು. ಮೊಣಕಾಲುದ್ದ ಗುಂಡಿ ತೋಡಿ ಅದೇ ಮಣ್ಣಿನಿಂದ ಮುಚ್ಚಿದಳು, ಮಣ್ಣು ಮಿಕ್ಕಿತು. ಮಿಕ್ಕಿದರೆ ನೆಲ ಉಣ್ಣಿಸುತ್ತದೆ, ಸಾಲದೆ ಬಂದರೆ ನೆಲವೇ ನಮ್ಮನ್ನು ಉಣ್ಣುತ್ತದೆ ಎಂಬುದು ಆಕೆಯ ಲೆಕ್ಕ. ಚಿಟಿಕೆ ಮಣ್ಣು ಬಾಯಿಗಿಟ್ಟಳು, ಸವಳಿರಲಿಲ್ಲ. ಆದರೂ ಹೇಳಿಕಳಿಸಲಿಲ್ಲ. ಮಳೆಗಾಲದ ನೆಲ ಮದುವಣಗಿತ್ತಿಯ ಹಾಗೆ, ಎಲ್ಲರಿಗೂ ಚೆಂದವೇ. ಅದರ ಸಂಸಾರ ನೋಡಬೇಕಾದರೆ ಬೇಸಿಗೆ ಕಳೆಯಬೇಕು. ಒಂದು ವರ್ಷ ಒಬ್ಬಳೇ ಇದ್ದಳು. ಸಜ್ಜೆ ಹಾಕಿದಳು, ಹುರುಳಿ ಹಾಕಿದಳು, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಬೂದಿ ತೂರಿ ನೋಡಿದಳು. ವೈಶಾಖದ ಉರಿಬಿಸಿಲಿನಲ್ಲೂ ಗುಡ್ಡದ ಬುಡದ ಒರತೆ ಬತ್ತಲಿಲ್ಲ. ಹೊಲದಲ್ಲಿ ಕಲ್ಲು ಬಹಳವೆಂಬುದೊಂದೇ ಕೊರತೆ. ಆ ಕಲ್ಲನ್ನೇ ಆರಿಸಿ ನೆತ್ತಿಗೆ ಹೊತ್ತು, ಮನೆಗೊಂದರಂತೆ ಒಲೆ ಹೂಡತೊಡಗಿದಳು. ಇದು ಗೌಡರದು, ಇದು ಬಡಿಗೇರರದು, ತನ್ನದರ ಪಕ್ಕಕ್ಕೆ ಇದು ಮಗಳು ಹಂಪಿಯದು. ಸಂಜೆಯಾದರೆ ಖಾಲಿ ಒಲೆಗಳ ನಡುವೆ ಕುಳಿತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದಳೆಂದು ಹೇಳುತ್ತಾರೆ. ಅಷ್ಟು ಬಯಸಿದ್ದಳು.

ಎರಡನೆಯ ಮಳೆಗಾಲ ಮುಗಿಯುವಾಗ ತೆಂಕಣ ಸೀಮೆಯ ಕುರುಬ ಚಿಕ್ಕೀರ ಎಂಬುವನು ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಹೊರಟಿದ್ದ. ನೀಲಗಂಗವ್ವ ಅವನಿಗೆ ಅಂಬಲಿ ಕುಡಿಸಿ, "ಕಡಕೊಪ್ಪದ ಗೌಡ್ರಿಗೆ ಬರ್ರಿ ಅಂದಾಳ ಅಂತ ಹೇಳು. ಅದೊಂದ ಮಾತು, ಮರೀಬ್ಯಾಡ" ಎಂದಳು. ಚಿಕ್ಕೀರ ಮರೆಯಲಿಲ್ಲ. ಆದರೆ ಅವನ ಸೀಮೆಯಲ್ಲಿ ಬರ್ರಿ ಎನ್ನುವವರಿಲ್ಲ. ಮಾತು ಅವನ ಬಾಯಲ್ಲಿ ಎಂಟು ದಿನ ನಡೆದು ಅವನ ಮಾತೇ ಆಗಿಬಿಟ್ಟಿತು. ಊರು ಮುಟ್ಟಿದ್ದು ವಿಜಯದಶಮಿಯ ಸಂಜೆ. ಎಲ್ಲರೂ ಬನ್ನಿಯ ಎಲೆ ಕೊಟ್ಟು ತಗೊಂಡು ಕಾಲು ಮುಟ್ಟುವ ಹೊತ್ತು. ಇವನು ಗೌಡರ ಬಾಗಿಲಲ್ಲಿ ನಿಂತು, "ನೀಲಗಂಗವ್ವನೋರು ಬನ್ನಿ ಅಂದ್ರು ಸ್ವಾಮಿ" ಎಂದ.

"ನೋಡ್ರಿ, ಅಷ್ಟು ದೂರ ಇದ್ರೂ ಹಬ್ಬಾ ಮರ್ತಿಲ್ಲ ಆಕಿ!" ಎಂದು ಗೌಡರು ಕಣ್ಣೊರೆಸಿಕೊಂಡರು. ಊರವರೆಲ್ಲ ಅವನ ಕಂಬಳಿಯ ಸೆರಗಿಗೆ ಎಲೆ ಸುರಿದರು. ತುಂಬಿದ ಬಸುರಿ ಹಂಪವ್ವ, ನಮ್ಮವ್ವಗೂ ಮುಟ್ಟಲಿ ಎಂದು ಅವನ ಕಾಲಿಗೆ ಎರಡು ಸಲ ಬಾಗಿದಳು. ಇನ್ನೇನು ನಾಳೆ ಗಾಡಿ ಕಟ್ಟುತ್ತಾರೆ ಎಂದುಕೊಂಡು ಚಿಕ್ಕೀರ ಕುರಿಗಳ ಹಿಂದೆ ಹೋದ.

ಅವನು ಮರಳಿ ಗುಡ್ಡಕ್ಕೆ ಬಂದದ್ದು ಮುಂದಿನ ಮುಂಗಾರಿಗೆ. ಅಲ್ಲಿಯವರೆಗೆ ಆಕೆ ದಿನವೂ ಬಡಗಣ ದಾರಿಯ ಧೂಳು ನೋಡಿದ್ದೇ ನೋಡಿದ್ದು. ಅವನು ಒಣಗಿದ ಎಲೆಯ ಗಂಟು ಬಿಚ್ಚಿದ ಕೂಡಲೇ ಆಕೆಗೆ ಎಲ್ಲಾ ತಿಳಿಯಿತು: ಕರೆದ ಮಾತು ಹಬ್ಬದ ಬನ್ನಿಯಾಗಿ ಮುಟ್ಟಿತ್ತು. ಬೈಯಲಿಲ್ಲ. "ಒಲಿ ಆರಗೊಡಬ್ಯಾಡ" ಎಂದು ಚಿಕ್ಕೀರನನ್ನು ಕೂರಿಸಿ ಓಡಿದಳು. ಹೊಳೆ ಆಕೆಗಿಂತ ಮೊದಲು ಮುಟ್ಟಿತ್ತು. ಕಡಕೊಪ್ಪದ ಜಾಗದಲ್ಲಿ ಕೆಂಪು ನೀರು ಹರಿಯುತ್ತಿತ್ತು. ದಂಡೆಯಲ್ಲಿದ್ದ ಅಂಬಿಗನೊಬ್ಬ ಹೇಳಿದ: "ಹೊಸ್ತಿಲಕ್ಕ ನೀರು ಬರೂತನಾ ನಿನ್ನ ಮಾತಿಗೆ ಕಾದ್ರವ್ವಾ. ಆಮ್ಯಾಲ ದಿಕ್ಕಿಗೊಬ್ಬರು ಹೋದ್ರು. ನಿನ್ನ ಮಗಳು ಕೂಸಿನ್ನ ಸೆರಗಿನ್ಯಾಗ ಕಟಗೊಂಡು ಹೋದ್ಲು. ಯಾವ ಕಡೆ, ನಾ ಕಾಣೆ. ಕೂಸಿನ ತಲಿ ಕುಂಚಗಿಯೊಳಗ ನಿನ್ನ ಹೆಸರಿನ ಬನ್ನಿ ಎಲೀ ಹೊಲದಿದ್ಲು."

ನೀಲಗಂಗವ್ವ ಮರಳಿ ಬಂದು ತನ್ನ ಒಲೆಯ ಮುಂದೆ ಕುಳಿತಳು. ಎಲ್ಲಿ ಅಂತ ಹುಡುಕುವುದು? ಮಗಳಿಗೆ ಮುಟ್ಟಿದ್ದು ಬನ್ನಿ ಎಂಬ ಶಬ್ದವೊಂದೇ. ಅದನ್ನೇ ಆಕೆ ಮಗಳ ಬೆನ್ನಿಗೆ ಕಳಿಸಿದಳು. ದಾರಿಹೋಕರಿಗೆಲ್ಲ ಅಂಬಲಿ ಕುಡಿಸಿ, "ಈ ಗುಡ್ಡಕ್ಕ ಬನ್ನಿ ಅಂತಾರ, ಹೋದಲ್ಲೆಲ್ಲಾ ಹೇಳ್ರಿ. ಗಿಡ ಅಲ್ಲ, ಕರಿಯೂದು" ಎಂದು ಹೇಳಿ ಕಳಿಸುತ್ತಿದ್ದಳು. ಹೆಸರು ಊರೂರು ತಿರುಗಿತು. ಬಾಯಿಂದ ಬಾಯಿಗೆ ಹೋಗುವಾಗ "ಕರಿಯೂದು" ಎಂಬುದು ಉದುರಿಹೋಗಿ, "ಬನ್ನಿ" ಮಾತ್ರ ಉಳಿಯಿತು. ಯಾರಾದರೂ ಬಂದರೆಂದು ಹಿರಿಯರು ಹೇಳಿಲ್ಲ.

ಆಕೆ ತೀರಿಹೋದ ಮೇಲೂ ಚಿಕ್ಕೀರ ಗುಡ್ಡ ಬಿಡಲಿಲ್ಲ. ನಾವು ಅವನ ವಂಶದವರು. ಏಳು ತಲೆಮಾರಿನಲ್ಲಿ ನಮ್ಮ ನಾಲಿಗೆಯೂ ಬರ್ರಿ ಎನ್ನಲು ಕಲಿತಿದೆ, ತಡವಾಗಿ. ದಸರೆಯಲ್ಲಿ ನಾವು ಎಲೆ ಹಂಚುವುದಿಲ್ಲ. ನೆತ್ತಿಗೆ ಹೋಗಿ ಹತ್ತೊಂಬತ್ತೂ ಒಲೆಗಳನ್ನು ಗುಡಿಸಿ, ಕಪ್ಪು ಒಲೆಯೊಂದರಲ್ಲಿ ಹಾಲು ಉಕ್ಕಿಸಿ ಬರುತ್ತೇವೆ. ಉಳಿದವನ್ನು ಹೊತ್ತಿಸಲು ನಮಗೆ ಹಕ್ಕಿಲ್ಲ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಎಲ್ಲಾದರೂ ಕೂಸಿನ ಕುಂಚಿಗೆಯೊಂದಿದ್ದು, ಅದರ ಹೊಲಿಗೆಯೊಳಗೆ ಒಣಗಿದ ಎಲೆಯ ಪುಡಿ ಸಿಕ್ಕರೆ, ಕಪ್ಪು ಒಲೆಯ ಪಕ್ಕದ್ದು ನಿಮ್ಮದು. ನೆಲ ಚೆನ್ನಾಗಿದೆ, ಒರತೆ ಇನ್ನೂ ಬತ್ತಿಲ್ಲ. ಬರ್ರಿ.