ಬೆಟ್ಟ ಕಾಣುವ ನಡುಗಡ್ಡೆ

"ಗುರುಗಳೇ, ಮನೆ ಬಿಟ್ಟು ಒಂಬತ್ತು ವರ್ಷವಾಯಿತು. ಇವತ್ತಿಗೂ ಧ್ಯಾನಕ್ಕೆ ಕೂತರೆ ಅಮ್ಮ ಒಲೆ ಊದುವ ಸದ್ದು ಕೇಳಿಸುತ್ತದೆ. ನನ್ನ ಸಂನ್ಯಾಸವೇ ಸುಳ್ಳೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಬಹಳ ಹಿಂದೆ ಗ್ರೀಕರ ಒಂದು ದ್ವೀಪದಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರನಿದ್ದ. ಅಲ್ಲಿ ಜನ ಹೆಚ್ಚಾಗಿ ನೆಲ ಸಾಲದಾಯಿತು. ಹಿರಿಯರು ಬೇರೊಂದು ದ್ವೀಪದಲ್ಲಿದ್ದ ಅಪೊಲೊ ದೇವರ ಗುಡಿಗೆ ಹೋಗಿ ಅಪ್ಪಣೆ ಕೇಳಿದರು. ಆ ಜನವೇ ಹಾಗೆ. ಯುದ್ಧವಾಗಲಿ, ಊರು ಕಟ್ಟುವುದಾಗಲಿ, ದೇವರು ನುಡಿಯದೆ ಒಂದು ಹೆಜ್ಜೆಯನ್ನೂ ಎತ್ತಿಡುತ್ತಿರಲಿಲ್ಲ. ಗುಡಿಯ ಪೂಜಾರಿಣಿ ಮೈದುಂಬಿ ನುಡಿದಳು: "ಇಬ್ಬರು ಗಂಡುಮಕ್ಕಳಿರುವ ಮನೆಯಿಂದ ಒಬ್ಬ ಹೊರಡಲಿ. ಕಡಲಾಚೆಯ ದೊಡ್ಡ ನೆಲದಲ್ಲಿ ಊರು ಕಟ್ಟಲಿ."

ಮಡಕೆಯಲ್ಲಿ ಬಿಳಿ ಕಾಳು, ಕರಿ ಕಾಳು ಹಾಕಿ ಎತ್ತಿಸಿದರು. ಕರಿಯದು ಬಂದವನು ಹೊರಡಬೇಕು. ಅಣ್ಣನಿಗೆ ಬಿಳಿಯದು ಬಂತು, ಬೆಳೆಗಾರನಿಗೆ ಕರಿಯದು. ಹೊರಟವರು ದೇವರ ಅಪ್ಪಣೆಯಿಲ್ಲದೆ ಹಿಂದಿರುಗಿದರೆ ದಡದಲ್ಲೇ ಕಲ್ಲು ಹೊಡೆಯುತ್ತೇವೆಂದು ಊರಿಗೆ ಊರೇ ಆಣೆ ಮಾಡಿತು. ಆಣೆ ಮಾಡಿದವರಲ್ಲಿ ಅವನ ತಾಯಿಯೂ ಇದ್ದಳು.

ಬೆಳೆಗಾರ ಹೆಂಡತಿಯೊಡನೆ ಹಡಗು ಹತ್ತಿದ. ಹಡಗಿನವರು ಅವನನ್ನೇ ಮುಂದಾಳು ಮಾಡಿಕೊಂಡರು. ಎರಡು ದಿನ ಸಾಗಿದ ಮೇಲೆ ದೊಡ್ಡ ನೆಲ ಕಂಡಿತು. ಅದರ ಮುಂದೆ ಒಂದು ಪುಟ್ಟ ನಡುಗಡ್ಡೆ. ಬಾನು ತಿಳಿಯಾಗಿದ್ದ ಬೆಳಿಗ್ಗೆ ಅಲ್ಲಿನ ಬಂಡೆ ಏರಿದರೆ, ಕಡಲಿನ ಅಂಚಿನಲ್ಲಿ ಹುಟ್ಟೂರಿನ ಬೆಟ್ಟದ ತುದಿ ಉಗುರಿನಷ್ಟು ಕಾಣುತ್ತಿತ್ತು.

"ನಾಲ್ಕು ದಿನ ಇಲ್ಲೇ ಇದ್ದು ಸುಧಾರಿಸಿಕೊಳ್ಳೋಣ," ಎಂದ ಬೆಳೆಗಾರ. ಯಾರೂ ಬೇಡವೆನ್ನಲಿಲ್ಲ.

ನಾಲ್ಕು ದಿನ ಏಳು ವರ್ಷವಾಯಿತು. ಗುಡಿಸಲುಗಳಿಗೆಲ್ಲ ಬೆಟ್ಟದ ಕಡೆಗೇ ಬಾಗಿಲಿಟ್ಟರು. ಬಾವಿಯ ನೀರು ಉಪ್ಪು. ಬಳ್ಳಿ ಬೇರಿಳಿಸಲು ಮಣ್ಣಿಲ್ಲ. ಅವನ ಮೊದಲ ಮಗು ಆ ನೀರು ಕುಡಿದು ಭೇದಿಯಾಗಿ ತೀರಿಕೊಂಡಿತು. ಎರಡನೆಯದು ಹುಟ್ಟಿದಾಗ ಹೆಂಡತಿ, "ಇವಳಿಗೂ ಇದೇ ನೀರು ಕುಡಿಸಲೇ?" ಎಂದಳು.

ಅವನು ದೋಣಿ ಹತ್ತಿ ದೇವರ ಗುಡಿಗೆ ಹೊರಟ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಆಸೆ. ಇಷ್ಟು ಕಷ್ಟ ಕೇಳಿದ ಮೇಲೆ ದೇವರು ಮರಳಿ ಊರು ಸೇರಿ ಎನ್ನದೆ ಇರುವನೇ? ದೇವರೇ ಹೇಳಿದರೆ ಊರಿನವರು ಕಲ್ಲೆತ್ತುವುದಿಲ್ಲ. ಮಗುವನ್ನು ಅಮ್ಮನ ಮಡಿಲಿಗೆ ಹಾಕಬಹುದು. ಅಮ್ಮ ಅದನ್ನು ಏನೆಂದು ಕರೆದು ಮುದ್ದಿಸುತ್ತಾಳೆ ಎಂಬುದನ್ನೂ ಅವನು ಯೋಚಿಸಿ ಆಗಿತ್ತು. ಪಾಪ, ಆಸೆಗೆ ಎಲ್ಲೆ ಎಲ್ಲಿ?

"ನೀನು ಹೇಳಿದಂತೆ ಹೋದೆವು. ಒಳಿತಾಗಲಿಲ್ಲ. ಊರಿಗೆ ಮರಳಬಹುದೇ?" ಎಂದು ದೇವರ ಮುಂದೆ ಕೇಳಿದ.

"ನೀವು ಇನ್ನೂ ಹೋಗಿಯೇ ಇಲ್ಲ," ಎಂದಳು ಪೂಜಾರಿಣಿ.

ಅವನ ಮೈಯೆಲ್ಲ ಉರಿಯಿತು. "ಹೋಗಿಲ್ಲವೇ? ಮಗುವನ್ನು ಅಲ್ಲೇ ಮಣ್ಣು ಮಾಡಿದ್ದೇನೆ!" ಎಂದು, ಅದು ಗುಡಿಯೆಂಬುದನ್ನೂ ಮರೆತು ಕೂಗಿದ.

ಮರಳಿ ಬರುವಾಗ ದೂರದಿಂದಲೇ ನಡುಗಡ್ಡೆ ಕಂಡಿತು. ಹೆಂಡತಿ ಮಗುವನ್ನೆತ್ತಿಕೊಂಡು ದಡದಲ್ಲಿ ಕಾಯುತ್ತಿದ್ದಳು. ಅವಳ ಬೆನ್ನ ಹಿಂದೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ದೊಡ್ಡ ನೆಲ ಹಸಿರಾಗಿ ಹಬ್ಬಿತ್ತು. ಹೊಳೆಯೊಂದು ಬಂದು ಕಡಲು ಸೇರುತ್ತಿತ್ತು. ಏಳು ವರ್ಷವೂ ಅದು ಅಲ್ಲೇ ಇತ್ತು. ಆ ತಗ್ಗು ದಡದಿಂದ ಬೆಟ್ಟ ಕಾಣುವುದಿಲ್ಲವೆಂದು ಯಾರೂ ಅತ್ತ ಕಾಲಿಟ್ಟಿರಲಿಲ್ಲ. ಅವನಿಗೆ ತೀರಿಕೊಂಡ ಮಗು ನೆನಪಾಯಿತು.

ಮರುದಿನವೇ ಗುಡಿಸಲು ಕಿತ್ತು ಎಲ್ಲರೂ ಆಚೆ ದಡಕ್ಕೆ ದಾಟಿದರು. ಹೊಳೆಯ ನೀರು ಸಿಹಿಯಾಗಿತ್ತು. ಬಳ್ಳಿಗಳು ಹಬ್ಬಿದವು. ಮಗಳು ಬದುಕಿ ಬೆಳೆದಳು. ಆದರೂ ವರ್ಷಕ್ಕೊಂದು ದಿನ, ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ, ಬೆಳೆಗಾರ ಒಬ್ಬನೇ ನಡುಗಡ್ಡೆಗೆ ದೋಣಿ ನಡೆಸುತ್ತಿದ್ದ. ಬಂಡೆಯ ಮೇಲೆ ಕೂತು ಬೆಟ್ಟವನ್ನು ಕಣ್ತುಂಬ ನೋಡುತ್ತಿದ್ದ, ಮನಸಾರೆ ಅಳುತ್ತಿದ್ದ. ಸಂಜೆಗೆ ಮನೆಗೆ ಬರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಕೊನೆಯವರೆಗೂ ಅಳುತ್ತಲೇ ಇದ್ದನಲ್ಲ ಗುರುಗಳೇ! ಇದು ದೇವರ ಮಾತು ನಡೆಸಿದಂತಾಯಿತೇ?"

ಗುರುಗಳು ಕೇಳಿದರು: "ಹೋಗು ಎಂದ ದೇವರು ಮರೆತುಬಿಡು ಎಂದು ಯಾವಾಗ ಹೇಳಿದ?"